ಕಲ್ಲಾದ ಪೆಡಲ್

ನವೆಂಬರ್ ೯

ಮಗಳೇ,

ಚಳಿಗಾಲ ಮುಗಿಯುವವರೆಗೆ ನೀನು ಹೆಪ್ಪುಗಟ್ಟಿದ ಸರೋವರದ ಮೇಲೆ ಕಾರು ಓಡಿಸುತ್ತೀಯ, ಅದರ ಬ್ರೇಕು ಪರೀಕ್ಷೆ ಮಾಡುತ್ತೀಯ ಎಂದರೆ ಕ್ಲಿನಿಕ್ಕಿಗೆ ಬಂದ ಯಾರೂ ನಂಬುವುದಿಲ್ಲ. ಆದರೆ ಹಲ್ಲಿನ ಡಾಕ್ಟರ ಮುಂದೆ ಕೂತವರು ಬಾಯಿ ತೆರೆದುಕೊಂಡೇ ಇರಬೇಕಲ್ಲ, ಎದುರು ಮಾತಾಡಲಾರರು. ಹಾಗಾಗಿ ನಾನು ಶುರುವಿನಿಂದ ಕೊನೆಯವರೆಗೆ ಹೇಳಿ ಮುಗಿಸಿಯೇ ಬಿಡುತ್ತೇನೆ. ಮುಂದಿನ ಕುರ್ಚಿಯಲ್ಲಿ ಕೂತು ಬಂದವರ ಹೆಸರು ಬರೆದುಕೊಳ್ಳುವ ನಿನ್ನ ಅಮ್ಮ, "ಪಾಪ, ಅವರು ಹಲ್ಲು ನೋವು ಅಂತ ಬಂದಿದ್ದು, ಮಗಳ ಪುರಾಣ ಕೇಳೋಕಲ್ಲ" ಎನ್ನುತ್ತಾಳೆ.

ಹೊಸ ಕಾರುಗಳ ಫೋಟೋ ಯಾರಾದರೂ ತೆಗೆದಾರೆಂದು ಅಲ್ಲಿ ಫೋನು ಇಸಿದುಕೊಂಡುಬಿಡುತ್ತಾರೆ ಎಂದೆಯಲ್ಲ, ಅದೊಂದು ಲಾಭವಾಯಿತು. ಎಷ್ಟೋ ವರ್ಷಗಳ ಮೇಲೆ ಔಷಧಿ ಚೀಟಿಯಲ್ಲದ್ದನ್ನು ಕೈಯಾರೆ ಬರೆಯುತ್ತಿದ್ದೇನೆ. ಅಕ್ಷರ ತಿಳಿಯದಿದ್ದರೆ ಔಷಧದ ಅಂಗಡಿಯವನಿಗೆ ತೋರಿಸು.

ನಿಮ್ಮ ಕಂಪನಿಯ ಕಾರು ಚೆನ್ನಾಗಿದೆ. ಗಾತ್ರ ಸಣ್ಣದು, ಗತ್ತು ದೊಡ್ಡದು. ಬಾಗಿಲು ಹಾಕಿದರೆ ಹೊರಗಿನ ಸದ್ದೆಲ್ಲ ಬೇರೆ ಊರಿನದು ಅನ್ನಿಸುತ್ತದೆ. ಎತ್ತರಕ್ಕೆ ಕೂತು ನಮ್ಮ ಬೆಟ್ಟದೂರಿನ ಇಳಿಜಾರು ರಸ್ತೆ ಇಳಿಯುವಾಗ ನಾನೇ ಒಬ್ಬ ಮಂತ್ರಿಯಂತೆ ಕಾಣುತ್ತೇನಂತೆ. ಇದೂ ನಿನ್ನ ಅಮ್ಮನ ಮಾತೇ.

ಒಂದೇ ಒಂದು ವಿಷಯ. ಬೆಳಿಗ್ಗೆ ಗಾಜಿನ ಮೇಲೆ ಹಿಮ ಕೂತಿರುವ ದಿನ ಬ್ರೇಕು ಸ್ವಲ್ಪ ಮುನಿಸಿಕೊಳ್ಳುತ್ತದೆ. ಮೊದಲೆರಡು ಸಲ ಒತ್ತಿದರೆ ಎಂದಿನಂತೆ ಹಿಡಿಯುತ್ತದೆ. ಆಮೇಲೆ ಪೆಡಲ್ ಕಲ್ಲಿನಂತಾಗುತ್ತದೆ, ಒತ್ತಿದರೂ ಇಳಿಯುವುದಿಲ್ಲ. ಸ್ವಲ್ಪ ದೂರ ಹೋದ ಮೇಲೆ ಏನೂ ಆಗಿರಲೇ ಇಲ್ಲವೆಂಬಂತೆ ಸರಿಯಾಗಿಬಿಡುತ್ತದೆ. ದೊಡ್ಡ ವಿಷಯವೇನಲ್ಲ. ನೀನು ಬ್ರೇಕಿನವಳು ಎಂದು ಹೇಳಿದೆ, ಅಷ್ಟೆ.

ಕಿವಿ ಮುಚ್ಚಿಕೊಂಡು ಓಡಾಡು.

ನಿನ್ನ
ಅಪ್ಪ


ನವೆಂಬರ್ ೨೪

ಅಪ್ಪಾ,

ನಿಮ್ಮ ಅಕ್ಷರ ನಾನೇ ಓದಿದೆ. ಒಂದು ಪದ ಮಾತ್ರ "ಮುನಿಸು" ಎಂದೋ "ಮೂಲಂಗಿ" ಎಂದೋ ಬಹಳ ಹೊತ್ತು ತಿಳಿಯಲಿಲ್ಲ.

ಸರೋವರದ ಬಗ್ಗೆ ಹೇಗೆ ಹೇಳಲಿ. ಮೊದಲ ದಿನ ದಡದಲ್ಲಿ ನಿಂತಾಗ ಇದು ನೀರೆಂದು ನನ್ನ ಕಾಲು ಒಪ್ಪಲಿಲ್ಲ, ನೆಲವೆಂದು ತಲೆ ಒಪ್ಪಲಿಲ್ಲ. ಎದುರು ದಡ ಕಾಣುವುದಿಲ್ಲ. ಗಾಳಿ ಹಿಮವನ್ನು ಗುಡಿಸಿಕೊಂಡು ಹೋದ ಕಡೆಯಲ್ಲಿ ಮಂಜುಗಡ್ಡೆ ಕಪ್ಪಗಿದೆ. ಮೊಣಕಾಲೂರಿ ನೋಡಿದರೆ ಕೆಳಗೆ ಬಿಳಿಯ ಗುಳ್ಳೆಗಳು, ಮೇಲೆ ಬರಲು ಹೊರಟು ಅರ್ಧ ದಾರಿಯಲ್ಲೇ ನಿಂತವು, ಒಂದರ ಮೇಲೊಂದು ಪೇರಿಸಿದ ತಟ್ಟೆಗಳ ಹಾಗೆ ಕೂತಿವೆ. ಬಿಸಿಲಿಳಿಯುವ ಹೊತ್ತಿಗೆ ಇಡೀ ಸರೋವರ ಸದ್ದು ಮಾಡುತ್ತದೆ. ಬಿರುಕೊಂದು ಎಲ್ಲೋ ಹುಟ್ಟಿ ನಮ್ಮ ಕಾಲ ಕೆಳಗೇ ಹಾದು ಎಲ್ಲೋ ಹೋಗಿ ಮುಗಿಯುತ್ತದೆ. ಬಹಳ ಉದ್ದದ ತಂತಿಯನ್ನು ಯಾರೋ ಮೀಟಿದಂತೆ. ಅದು ಒಡೆಯುವ ಸದ್ದಲ್ಲ, ಗಟ್ಟಿಯಾಗುವ ಸದ್ದು ಎಂದು ಇಲ್ಲಿಯವರು ಹೇಳುತ್ತಾರೆ. ಹೇಳಿದ ಮೇಲೂ ಎದೆ ಝಲ್ಲೆನ್ನುವುದು ನಿಂತಿಲ್ಲ.

ಇಂಥ ಮಂಜಿನ ಮೇಲೆ ಕಾರು ಓಡಿಸಿ, ಒತ್ತಿ, ನಿಲ್ಲಿಸುವುದು ನನ್ನ ಕೆಲಸ. ನಿಂತಾಗಲೆಲ್ಲ ಆಶ್ಚರ್ಯವಾಗುತ್ತದೆ.

ಬ್ರೇಕಿನ ವಿಷಯ ನಮ್ಮ ಮೇಲಧಿಕಾರಿಯ ಕಿವಿಗೆ ಹಾಕಿದೆ. ಅವರನ್ನು ಇಲ್ಲಿ ಎಲ್ಲರೂ ಮೌನಿ ಮೇಡಂ ಎನ್ನುತ್ತಾರೆ. ಇಡೀ ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು. "ಇಂಥ ದೂರು ಅಲ್ಲೊಂದು ಇಲ್ಲೊಂದು ಬಂದಿವೆ. ಸರ್ವೀಸ್ ಸೆಂಟರ್‌ನಲ್ಲಿ ನೋಡಿದಾಗ ಏನೂ ಸಿಕ್ಕಿಲ್ಲ" ಎಂದರು. ನೀವೂ ಒಮ್ಮೆ ಅಲ್ಲಿ ತೋರಿಸಿಬಿಡಿ.

ಅಪ್ಪ, ತಪ್ಪು ತಿಳಿಯಬೇಡಿ. ಚಳಿಯಲ್ಲಿ ಮಂಡಿ ಹಿಡಿದುಕೊಳ್ಳುತ್ತದೆ ಎಂದು ಹೋದ ವರ್ಷ ಹೇಳುತ್ತಿದ್ದಿರಿ. ಅದನ್ನೂ ಒಮ್ಮೆ ಡಾಕ್ಟರಿಗೆ ತೋರಿಸುವುದು ಒಳ್ಳೆಯದಲ್ಲವೇ. ಬೆಳಗಿನ ಹೊತ್ತು ಅಮ್ಮ ಓಡಿಸಲಿ.

ನಿಮ್ಮ
ಮಗಳು


ಡಿಸೆಂಬರ್ ೧೧

ಚಿ. ಮಗಳಿಗೆ,

ಸರ್ವೀಸ್ ಸೆಂಟರಿಗೆ ಹೋಗಿದ್ದೆ. ಕಾಫಿ ಕೊಟ್ಟರು. ಕಾರನ್ನು ಮೇಲಕ್ಕೆತ್ತಿ ಕೆಳಗಿಂದ ನೋಡಿದರು, ಓಡಿಸಿಯೂ ನೋಡಿದರು. ಮ್ಯಾನೇಜರ್ ಬಹಳ ಮರ್ಯಾದಸ್ಥ ಹುಡುಗ. ಪಕ್ಕದಲ್ಲಿ ಕೂರಿಸಿಕೊಂಡು ತಗ್ಗಿದ ದನಿಯಲ್ಲಿ ಕೇಳಿದ.

"ಸರ್, ತಮ್ಮ ವಯಸ್ಸೆಷ್ಟು?"

ಹೇಳಿದೆ.

"ಕಾರಲ್ಲಿ ಏನೂ ತೊಂದರೆ ಇಲ್ಲ ಸರ್. ಕೆಲವೊಮ್ಮೆ ಏನಾಗುತ್ತೆ ಅಂದ್ರೆ, ಬ್ರೇಕ್ ಒತ್ತಿದೀವಿ ಅಂತ ನಾವು ಅಂದ್ಕೋತೀವಿ. ಕಾಲು ಅಷ್ಟು ಒತ್ತಿರಲ್ಲ. ನಮ್ಮ ತಂದೆಗೂ ಹೀಗೇ ಆಗ್ತಿತ್ತು."

ಅವನು ತನ್ನ ತಂದೆಯ ಮಾತು ತೆಗೆದ ಮೇಲೆ ನಾನು ಕೀ ಇಸಿದುಕೊಂಡು ಎದ್ದೆ. ಮೂಳೆ ಡಾಕ್ಟರಿಗೂ ತೋರಿಸಿದೆ. ವಯಸ್ಸಿಗೆ ತಕ್ಕ ಹಾಗಿದೆ ಎಂದರು. ಅದು ಹೌದೆಂದೋ ಅಲ್ಲವೆಂದೋ, ಬರುವಾಗ ಯೋಚಿಸುತ್ತಲೇ ಬಂದೆ.

ಕಾಲು ಕೈಕೊಟ್ಟ ಮೇಲೆ ಕೈ ಎಷ್ಟು ದಿನ. ಒಬ್ಬರ ಬಾಯಲ್ಲಿ ಸೂಜಿ ಹಿಡಿಯುವ ಕೈ ಇದು. ಪಕ್ಕದ ಬೀದಿಯಲ್ಲಿ ಹೊಸದಾಗಿ ಕ್ಲಿನಿಕ್ ತೆರೆದ ಹುಡುಗಿಗೆ ರೋಗಿಗಳನ್ನು ಕೂರಿಸುವ ನನ್ನ ಕುರ್ಚಿ ಬೇಕಾ ಎಂದು ಕೇಳಿದ್ದೇನೆ. ಬೆಳಿಗ್ಗೆ ನಿನ್ನ ಅಮ್ಮನೇ ಓಡಿಸುತ್ತಿದ್ದಾಳೆ. ಅವಳು ಎಂಜಿನ್ ಶುರು ಮಾಡಿಟ್ಟು ಒಳಗೆ ಬಂದು ಟೀ ಕುಡಿದು, ಸೆರಗು ಸರಿಮಾಡಿಕೊಂಡು ಹೊರಡುವವಳು. ಅವಳಿಗೆ ಬ್ರೇಕು ಸರಿಯಾಗಿಯೇ ಹಿಡಿಯುತ್ತದೆ.

ನಿನ್ನ ಸಲಹೆ ಒಳ್ಳೆಯದಾಯಿತು.

ಇತಿ,
ನಿನ್ನ ತಂದೆ


ಡಿಸೆಂಬರ್ ೨೮

ಅಪ್ಪಾ,

ನಿಮ್ಮ ಕಾಗದವನ್ನು ಮತ್ತೆ ಮತ್ತೆ ಓದಿದೆ. ನೀವು ಎಂದೂ "ಇತಿ" ಎಂದು ಬರೆದವರಲ್ಲ.

ಕುರ್ಚಿಯನ್ನು ಯಾರಿಗೂ ಕೊಡಬೇಡಿ, ನಾನು ಬರುವವರೆಗಾದರೂ. ಇಲ್ಲಿ ಕ್ಯಾಂಪಿಗೆ ಸಾಮಾನು ತರಲು ಇಟ್ಟಿರುವುದೂ ನಿಮ್ಮದೇ ಮಾದರಿಯ ಕಾರು. ಅದರ ಬ್ರೇಕನ್ನು ದಿನವೂ ಒತ್ತಿ ನೋಡುತ್ತಿದ್ದೇನೆ. ಈವರೆಗೆ ಏನೂ ಆಗಿಲ್ಲ. ಆಗಲಿ ಎಂದು ಕಾಯುತ್ತಿದ್ದೇನೆ. ಇಂಥದ್ದಕ್ಕೆ ಹೀಗೆ ಕಾಯುವವಳು ನಾನೊಬ್ಬಳೇ ಇರಬೇಕು.

ಎರಡು ಸಾಲಾದರೂ ಬರೆಯಿರಿ.

ನಿಮ್ಮ
ಮಗಳು


ಜನವರಿ ೧೭

ಪುಟ್ಟಿ,

ಇದು ಅಮ್ಮ. ನಿಮ್ಮಪ್ಪ ಬರೆಯುವುದಿಲ್ಲ, ನನಗೂ ಬರೆಯಬೇಡ ಅಂತಾರೆ. ಬರೆಯದೆ ಇರಲು ನನಗೆ ಆಗುವುದಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಇಬ್ಬರೂ ಚೆನ್ನಾಗಿದ್ದೇವೆ. ಈಗ ಕೂತುಕೊಂಡು ಓದು.

ಹೋದ ಸೋಮವಾರ ಬೆಳಿಗ್ಗೆ ಕ್ಲಿನಿಕ್ಕು ಗುಡಿಸುವವಳು ಅಲ್ಲಿಂದ ಫೋನು ಮಾಡಿದಳು. ಆಟದ ಮೈದಾನದಲ್ಲಿ ಬಿದ್ದು ಒಂದು ಮಗುವಿನ ಮುಂದಿನ ಹಲ್ಲು ಬುಡಸಮೇತ ಕಿತ್ತು ಬಂದಿದೆ, ಹಾಲಿನಲ್ಲಿ ಇಟ್ಟುಕೊಂಡು ತಾಯಿ ಬಾಗಿಲಲ್ಲಿ ನಿಂತಿದ್ದಾಳೆ ಎಂದು. ಬೇಗ ಹೋದರೆ ಹಲ್ಲು ಮತ್ತೆ ಕೂರುತ್ತದೆ, ತಡವಾದರೆ ಇಲ್ಲ. ನನ್ನ ಕೈಯಲ್ಲಿ ಇನ್ನೂ ಟೀ ಇತ್ತು. ಇವರು ಕೀ ತೆಗೆದುಕೊಂಡು ಹೊರಗೆ ನಡೆದೇಬಿಟ್ಟರು. ನಾನು ಚಪ್ಪಲಿ ಮೆಟ್ಟಿಕೊಂಡು ಓಡಿ ಪಕ್ಕದಲ್ಲಿ ಕೂತೆ. ಗಾಜಿನ ಮೇಲಿನ ಹಿಮ ಪೂರ್ತಿ ಕೆರೆದಿರಲಿಲ್ಲ.

ಇಳಿಜಾರು ಶುರುವಾಗುವಲ್ಲಿ ಬ್ರೇಕು ಹಿಡಿಯಿತು. ತಿರುವಿನಲ್ಲಿ ಇನ್ನೊಮ್ಮೆ ಹಿಡಿಯಿತು. ಆಮೇಲೆ ಇವರ ಕಾಲು ನೋಡಿದೆ. ಇವರು ಸೀಟಿಗೆ ಬೆನ್ನು ಒರಗಿಸಿ ಎದ್ದು ನಿಂತವರ ಹಾಗೆ ಒತ್ತುತ್ತಿದ್ದರು ಪುಟ್ಟಿ. ಕತ್ತಿನ ನರ ಉಬ್ಬಿತ್ತು. ಎರಡನೇ ಕಾಲನ್ನೂ ಮೇಲಿಟ್ಟರು. ಕಾರಿನ ವೇಗ ತುಸು ತಗ್ಗುವುದು, ಇಳಿಜಾರು ಅದಕ್ಕಿಂತ ಹೆಚ್ಚು ಎಳೆಯುವುದು.

"ಒತ್ತಿದೀನಿ ಕಣೇ," ಅಂದರು. "ನೋಡು, ಒತ್ತಿದೀನಿ."

ಪ್ರಾಣ ಹೋಗುವ ಹೊತ್ತಿನಲ್ಲೂ ಅವರಿಗೆ ಅದನ್ನು ನಾನು ನೋಡಬೇಕಿತ್ತು. "ಕಾಣ್ತಾ ಇದೆ ರೀ," ಅಂದೆ.

ಪಾರ್ಕಿಂಗ್ ಬ್ರೇಕಿನ ಗುಂಡಿ ನಾನು ಎಳೆದೆ. ಹಿಂದಿನ ಚಕ್ರ ಹಿಮದ ಮೇಲೆ ಕಚ್ಚಿಕೊಂಡು ಕಾರು ಅಡ್ಡಡ್ಡ ತಿರುಗಲು ಹೋಯಿತು. ಒಂದು ಕಡೆ ಗೋಡೆ, ಇನ್ನೊಂದು ಕಡೆ ಕಮರಿ. ಹೆದರಿ ಬಿಟ್ಟುಬಿಟ್ಟೆ. ಕೆಳಗೆ ದಾರಿ ಮುಗಿಯುವಲ್ಲಿ ಶಾಲೆಯ ಮಕ್ಕಳು ರಸ್ತೆ ದಾಟುವ ಜಾಗ. ನಿಮ್ಮಪ್ಪ ಹಾರ್ನಿನಿಂದ ಕೈ ತೆಗೆಯಲೇ ಇಲ್ಲ.

ಮುಂದೆ ಕಸದ ಲಾರಿ ಹೋಗುತ್ತಿತ್ತು. ಅದು ಪಕ್ಕಕ್ಕೆ ಸರಿದು ದಾರಿ ಬಿಡುತ್ತದೆ ಅಂದುಕೊಂಡೆ. ಬಿಡಲಿಲ್ಲ. ರಸ್ತೆಯ ನಡುವಿಗೇ ಬಂತು. ಓಡಿತು, ನಮಗಿಂತ ತುಸುವೇ ಕಡಿಮೆ ವೇಗದಲ್ಲಿ. ನಾವು ಹತ್ತಿರವಾದಷ್ಟೂ ಅದರ ಬೆನ್ನು ದೊಡ್ಡದಾಗುತ್ತಾ ಬಂತು. ನಾನು ನಿಮ್ಮಪ್ಪನ ತೋಳು ಹಿಡಿದು ಕಣ್ಣು ಮುಚ್ಚಿದೆ. ಧಡ್ ಎಂದು ಒಂದು ಸದ್ದು, ಹಲ್ಲು ಕಟಕಟಿಸುವಷ್ಟು. ಅಷ್ಟೆ. ಕಣ್ಣು ಬಿಟ್ಟರೆ ನಮ್ಮ ಕಾರಿನ ಮೂತಿ ಲಾರಿಯ ಹಿಂಬದಿಗೆ ಅಂಟಿಕೊಂಡಿದೆ, ಎರಡೂ ಒಂದೇ ಗಾಡಿಯಂತೆ ಇಳಿಯುತ್ತಿವೆ. ಆಮೇಲೆ ಅದು ತಡೆಯತೊಡಗಿತು. ಒಂದೇ ಸಲಕ್ಕಲ್ಲ. ನಿದ್ದೆ ಹೋದ ಮಗುವನ್ನು ಹೆಗಲಿನಿಂದ ಹಾಸಿಗೆಗೆ ಇಳಿಸುತ್ತಾರಲ್ಲ, ಹಾಗೆ ನಮ್ಮನ್ನು ಇಳಿಸಿತು. ನಿಂತಾಗ ಮಕ್ಕಳ ಸಾಲು ಎದುರಿಗೇ ಇತ್ತು. ಅವರಲ್ಲಿ ಒಬ್ಬಳು ಲಾರಿಗೆ ಕೈ ಬೀಸಿದಳು. ಏನಾಯಿತೆಂದು ಅವರಿಗೆ ಯಾರಿಗೂ ತಿಳಿಯಲಿಲ್ಲ.

ಲಾರಿಯಿಂದ ಇಳಿದದ್ದು ಒಬ್ಬ ಹೆಂಗಸು. ನಿನಗಿಂತ ತುಸು ದೊಡ್ಡವಳಿರಬೇಕು. ಕೈಗವಸು ತೆಗೆದು ಕಿಟಕಿ ತಟ್ಟಿದಳು.

"ಕನ್ನಡೀಲಿ ನಿಮ್ಮ ಮುಖ ಕಾಣ್ತು," ಅಂದಳು. "ಬೇಕಂತ ಬರೋರ ಮುಖ ಅದಲ್ಲ. ಅದಕ್ಕೇ ಬೆನ್ನು ಕೊಟ್ಟೆ."

"ನಿನಗೇನಾದ್ರೂ ಆಗಿದ್ರೆ ತಾಯಿ?" ಅಂತ ಕೇಳಿದೆ.

"ಆಗಲಿಲ್ವಲ್ಲ," ಅಂದಳು. ಆಮೇಲೆ ಅವಳೇ ಚರಂಡಿಯ ಪಕ್ಕ ಕೂತು ಎರಡೂ ಕೈ ಕಂಕುಳಲ್ಲಿ ಸಿಕ್ಕಿಸಿಕೊಂಡಳು. ನಾನೂ ಪಕ್ಕ ಕೂತೆ. ನನ್ನ ಶಾಲು ಇಬ್ಬರಿಗೂ ಸಾಕಾಯಿತು.

ನಿಮ್ಮಪ್ಪ ಅಲ್ಲಿಂದ ನಡೆದುಕೊಂಡೇ ಕ್ಲಿನಿಕ್ಕಿಗೆ ಹೋದರು. ಆ ಮಗುವಿನ ಹಲ್ಲು ಕೂರಿಸಿದರು. ಕೈ ಒಂದಿಷ್ಟೂ ಅಲುಗಲಿಲ್ಲವಂತೆ. ವಿಮೆಯವನು ಬಂದು "ಕಾಲು ಜಾರಿತಾ ಸರ್?" ಎಂದು ಕೇಳಿ ಹೋದ.

ಪುಟ್ಟಿ, ನಾನು ನೋಡಿದ್ದೇನೆ. ಅವರು ಒತ್ತಿದ್ದರು.

ಅಮ್ಮ


ಫೆಬ್ರುವರಿ ೬

ಅಮ್ಮಾ, ಅಪ್ಪಾ,

ಇಬ್ಬರಿಗೂ ಸೇರಿ ಬರೆಯುತ್ತಿದ್ದೇನೆ. ಅಮ್ಮ ಗಟ್ಟಿಯಾಗಿ ಓದಲಿ.

ಅಮ್ಮನ ಕಾಗದ ಓದಿ ಹೊರಗೆ ಹೋಗಿ ಸರೋವರದ ದಡದಲ್ಲಿ ನಿಂತೆ. ಆ ಲಾರಿಯವಳು ಕನ್ನಡಿಯಲ್ಲಿ ಕಂಡ ಒಂದು ಮುಖವನ್ನು ನಂಬಿದಳು. ನಾನು ಹುಟ್ಟಿದಂದಿನಿಂದ ನೋಡಿದ ಮುಖವನ್ನು ಮಂಡಿ ಡಾಕ್ಟರ ಹತ್ತಿರ ಕಳಿಸಿದೆ.

ಮತ್ತೆ ಕಾಗದ ತೆಗೆದು ಅಪ್ಪನ ಹಳೆಯ ಮಾತಿನ ಪಕ್ಕದಲ್ಲಿ ಅಮ್ಮನದನ್ನು ಇಟ್ಟೆ. ಮೊದಲೆರಡು ಸಲ ಹಿಡಿಯುತ್ತದೆ, ಆಮೇಲೆ ಕಲ್ಲು. ಅಮ್ಮ ಎಂಜಿನ್ ಶುರು ಮಾಡಿ ಟೀ ಕುಡಿದು ಹೊರಟರೆ ಏನೂ ಇಲ್ಲ. ಅಪ್ಪ ನೇರ ಹೊರಟರೆ ಉಂಟು.

ಅಪ್ಪ, ನಿಮ್ಮ ಕುರ್ಚಿಯ ಪಕ್ಕ ಉಗುಳು ಹೀರುವ ಕೊಳವೆ ಇದೆಯಲ್ಲ, ಬ್ರೇಕಿಗೂ ಅಂಥದ್ದೇ ಒಂದಿದೆ. ಪೆಡಲ್ಲಿನ ಹಿಂದೆ ಒಂದು ದುಂಡನೆಯ ಡಬ್ಬಿ. ಅದರೊಳಗಿನ ಗಾಳಿಯನ್ನು ಒಂದು ಕೊಳವೆಯಿಂದ ಸದಾ ಹೀರಿ ತೆಗೆಯುತ್ತಿರಬೇಕು. ಆ ಹೀರುವಿಕೆಯ ಬಲದಿಂದಲೇ ನಾವು ಮೆಲ್ಲಗೆ ಒತ್ತಿದ್ದು ಹಲವು ಪಟ್ಟಾಗಿ ಚಕ್ರ ಮುಟ್ಟುತ್ತದೆ. ಕೊಳವೆ ಕಟ್ಟಿದರೆ ಡಬ್ಬಿಯಲ್ಲಿ ಉಳಿದ ಬಲ ಒಂದೆರಡು ಸಲಕ್ಕೆ ಸಾಕು. ಆಮೇಲೆ ಅಷ್ಟು ಭಾರದ ಕಾರನ್ನು ಬರೀ ನಮ್ಮ ಕಾಲೇ ನಿಲ್ಲಿಸಬೇಕು.

ಇಲ್ಲಿ ನಾವು ಕಾರನ್ನು ಇಡೀ ದಿನ ಓಡಿಸುತ್ತೇವೆ, ಒಳಗೆಲ್ಲ ಒಣಗಿರುತ್ತದೆ. ನಿಮ್ಮದು ಮನೆಯಿಂದ ಕ್ಲಿನಿಕ್ಕಿಗೆ, ಕ್ಲಿನಿಕ್ಕಿನಿಂದ ಮನೆಗೆ; ಕೊಳವೆಯೊಳಗಿನ ತೇವ ಆರುವಷ್ಟು ಬಿಸಿಯೇ ಆಗುವುದಿಲ್ಲ, ರಾತ್ರಿ ಅದು ಹೆಪ್ಪುಗಟ್ಟುತ್ತಿರಬಹುದು. ಹಾಗೇ ಮಾಡಿ ನೋಡಿದೆ. ಕ್ಯಾಂಪಿನ ಆ ಕಾರನ್ನು ಒಂದು ವಾರ ಅಡುಗೆಮನೆಯಿಂದ ಗೇಟಿಗೆ, ಗೇಟಿನಿಂದ ಅಡುಗೆಮನೆಗೆ ಮಾತ್ರ ಓಡಿಸಿದೆ. ಎಲ್ಲರೂ ನಗುತ್ತಿದ್ದರು. ಅಡುಗೆಯವರು "ಮೇಡಂ ಉಪ್ಪು ತರೋಕೂ ಕಾರಲ್ಲಿ ಹೋಗ್ತಾರೆ" ಅಂದರು.

ನಾಲ್ಕು ದಿನದ ಹಿಂದೆ ಬೆಳಿಗ್ಗೆ ಅದನ್ನು ನೇರ ಸರೋವರದ ಮೇಲೆ ತಂದೆ. ಒಮ್ಮೆ ಒತ್ತಿದೆ. ಮತ್ತೆ ಒತ್ತಿದೆ. ಮೂರನೆಯ ಸಲ ನನ್ನ ಕಾಲು ಕಲ್ಲಿಗೆ ತಗುಲಿದಂತಾಯಿತು. ಎರಡೂ ಕಾಲಿನಿಂದ ಒತ್ತಿದೆ ಅಪ್ಪ. ಸೀಟಿಗೆ ಬೆನ್ನು ಒರಗಿಸಿ, ಎದ್ದು ನಿಂತ ಹಾಗೆ. ಕಾರು ಹೋಗುತ್ತಲೇ ಇತ್ತು. ಎದುರಿಗೆ ಗೋಡೆಯಿಲ್ಲ, ಕಮರಿಯಿಲ್ಲ, ಮಕ್ಕಳಿಲ್ಲ; ಬರೀ ಬಿಳಿ. ಅದು ತನ್ನಷ್ಟಕ್ಕೆ ಸುಸ್ತಾಗಿ ನಿಲ್ಲುವವರೆಗೆ ನಾನು ಒಳಗೆ ಕೂತಿದ್ದೆ, ನಿಮ್ಮ ಜಾಗದಲ್ಲಿ. ಸುತ್ತ ಅಷ್ಟು ನಿಶ್ಶಬ್ದ. ಅಷ್ಟು ದೊಡ್ಡ ಆಕಾಶದ ಕೆಳಗೆ ನಾನು ಹೆದರಿಕೆಗೆ ಅತ್ತೆನೋ ಸಮಾಧಾನಕ್ಕೋ ಗೊತ್ತಿಲ್ಲ.

ಮರುದಿನ ಬೆಳಿಗ್ಗೆ ಮೌನಿ ಮೇಡಂ ಬಂದರು. "ನೀವೇ ಓಡಿಸಿ" ಎಂದು ಕೀ ಕೊಟ್ಟೆ. ಅವರು ಒತ್ತಿದರು, ಮತ್ತೆ ಒತ್ತಿದರು, ಮೂರನೆಯದಕ್ಕೆ ಅವರ ಮುಖ ಬದಲಾಯಿತು. ಕಾರು ತಾನಾಗಿ ನಿಂತ ಮೇಲೆ ಇಬ್ಬರೂ ಬಾನೆಟ್ ಎತ್ತಿದೆವು. ಕೊಳವೆ ಬಾಗುವ ಜಾಗದಲ್ಲಿ ಒಳಗೆ ಮಂಜುಗಡ್ಡೆಯ ಚೂರು. ಹೊರತೆಗೆದು ಅಂಗೈ ಮೇಲಿಟ್ಟೆ. ಕಡಲೆಕಾಳಿಗಿಂತ ದೊಡ್ಡದಿಲ್ಲ, ಗಾಜಿನಷ್ಟು ತಿಳಿ. ನೋಡುನೋಡುತ್ತಲೇ ಕರಗಿ ಬೆರಳ ಸಂದಿಯಲ್ಲಿ ಹರಿದುಹೋಯಿತು. ಸರ್ವೀಸ್ ಸೆಂಟರಿಗೆ ಹೋಗುವಷ್ಟರಲ್ಲಿ ಎಂಜಿನ್ನಿನ ಬಿಸಿಗೆ ಎಲ್ಲರ ಕಾರಿನಲ್ಲೂ ಹೀಗೇ ಹರಿದುಹೋಗಿದೆ. ನಾವು ನಡೆದಾಡುವ ಈ ಇಡೀ ಸರೋವರವೂ ಅದೇ ನೀರು, ಆ ಕಾಳೂ ಅದೇ ನೀರು.

ಮೇಡಂ ನನ್ನ ಒದ್ದೆ ಅಂಗೈಯನ್ನೇ ನೋಡುತ್ತಿದ್ದರು. "ನಿಮ್ಮ ತಂದೆ ಹೇಗಿದಾರೆ?" ಎಂದರು. ನಾನು ಅವರಿಗೆ ಅಪಘಾತದ ಬಗ್ಗೆ ಹೇಳಿಯೇ ಇರಲಿಲ್ಲ. ದಿನವೂ ನನ್ನ ಮುಖ ನೋಡುತ್ತಿದ್ದರಂತೆ. ಹೇಳಿದೆ. ಅವರು ದಡದವರೆಗೆ ನಡೆದುಕೊಂಡೇ ಹೋಗಿ ಆಫೀಸಿನ ಫೋನು ಎತ್ತಿದರು. ಆವತ್ತು ಅವರು ಆಡಿದಷ್ಟು ಮಾತನ್ನು ಕ್ಯಾಂಪಿನಲ್ಲಿ ಯಾರೂ ಕೇಳಿರಲಿಲ್ಲ. ಆ ಕಡೆಯವರು ಚಳಿಗಾಲ ಕಳೆಯಲಿ, ನೋಡೋಣ ಎಂದಿರಬೇಕು. "ಒಂದು ಕಾರೂ ನಾಳೆ ಬೆಳಿಗ್ಗೆ ಹೊರಡಬಾರದು. ಇಲ್ಲ ಅಂದ್ರೆ ಪೇಪರಿನವರಿಗೆ ನಾನೇ ಹೇಳ್ತೀನಿ, ನನ್ನ ಹೆಸರಲ್ಲೇ" ಎಂದು ಫೋನಿಟ್ಟರು.

ನಿನ್ನೆ ಕಂಪನಿ ಒಪ್ಪಿಕೊಂಡಿದೆ. ಎಲ್ಲ ಕಾರುಗಳನ್ನೂ ವಾಪಸು ಕರೆಸಿ ಕೊಳವೆ ಬದಲಿಸುತ್ತಾರೆ.

ಅಪ್ಪ, ನೀವು ಒತ್ತಿದ್ದಿರಿ.

ನಿಮ್ಮ
ಮಗಳು


ಮಾರ್ಚ್ ೧೯

ಮಗಳೇ,

ನಿನ್ನ ಕಾಗದ ಅಮ್ಮ ಓದಿದಳು. ಕೊನೆಯ ಸಾಲಿಗೆ ಬಂದಾಗ ಅವಳಿಗೆ ಕನ್ನಡಕ ಒರೆಸಬೇಕಾಯಿತು. ಉತ್ತರಕ್ಕೆ ತಡ ಮಾಡಿದ್ದು ಕೋಪದಿಂದಲ್ಲ. ಏನು ಬರೆದರೂ ಕಮ್ಮಿ ಅನ್ನಿಸುತ್ತಿತ್ತು.

ನಿನ್ನೆ ಕಾರು ರಿಪೇರಿಗೆ ಬಿಡಲು ಕಂಪನಿಯ ಅಂಗಳಕ್ಕೆ ಹೋಗಿದ್ದೆ. ಅಷ್ಟೊಂದು ಜನರನ್ನು ನಾನು ನಿರೀಕ್ಷಿಸಿರಲಿಲ್ಲ. ನಮ್ಮದೇ ಕಾರು, ಬೇರೆ ಬೇರೆ ಬಣ್ಣದಲ್ಲಿ, ಕಾಂಪೌಂಡಿನ ಕೊನೆಯವರೆಗೆ ನಿಂತಿವೆ. ಬೆಂಚಿನ ಮೇಲೆ ನನ್ನ ಪಕ್ಕ ಒಬ್ಬ ಬಸುರಿ ಕೂತಿದ್ದಳು. ತಾನೇ ಮಾತು ತೆಗೆದಳು.

"ನನಗೂ ಹಾಗೇ ಆಗಿತ್ತು. ಬಸುರಿ ಅಲ್ವಾ, ಕಾಲು ಊದಿದೆ, ಅದಕ್ಕೇ ಇರಬೇಕು ಅಂದ್ಕೊಂಡೆ."

ಎದುರಿಗೆ ಕೂತಿದ್ದವನು ಫುಟ್‌ಬಾಲ್ ಆಡುವ ಹುಡುಗ, ತೊಡೆ ಮರದ ದಿಮ್ಮಿಯಂತಿದೆ. "ನಾನು ಶೂ ಸರಿ ಇಲ್ಲ ಅಂತ ಹೊಸ ಶೂ ತಗೊಂಡೆ ಅಂಕಲ್," ಎಂದ. ಒಬ್ಬೊಬ್ಬರಾಗಿ ಎಲ್ಲರೂ ಹೇಳತೊಡಗಿದರು. ಪರಸ್ಪರ ಪರಿಚಯವಿಲ್ಲದ ಅಷ್ಟೂ ಜನ, ಬೇರೆ ಬೇರೆ ಮನೆಗಳಲ್ಲಿ, ಒಂದೇ ಚಳಿಗಾಲದಲ್ಲಿ, ತಂತಮ್ಮ ಕಾಲನ್ನೇ ಬೈದುಕೊಂಡು ಕೂತಿದ್ದೆವು. ಎಲ್ಲರೂ ಬಗ್ಗಿ ತಂತಮ್ಮ ಕಾಲು ನೋಡಿಕೊಂಡೆವು. ಆಮೇಲೆ ಯಾರೋ ನಕ್ಕರು. ನನಗೆ ನಗುವಿಗಿಂತ ಬೇರೇನೋ ಆಯಿತು. ಮೈ ಜುಮ್ಮೆಂದಿತು.

ನಗದೆ ಕೂತಿದ್ದವರು ಒಬ್ಬರೇ. ವಯಸ್ಸಾದ ಹೆಂಗಸು. ಅವರ ಕಾರನ್ನು ಎಳೆದು ತಂದಿದ್ದರು, ಮೇಲೆಲ್ಲ ಧೂಳು. ಅವರ ಯಜಮಾನರು ಜೀವಮಾನವಿಡೀ ಬಸ್ಸು ಓಡಿಸಿದವರಂತೆ. ನಿವೃತ್ತಿಯಾದ ಮೇಲೆ ಮಕ್ಕಳು ಸೇರಿ ಈ ಕಾರು ಕೊಡಿಸಿದ್ದರು. ಹೋದ ವರ್ಷದ ಚಳಿಯಲ್ಲಿ ಒಂದು ಬೆಳಿಗ್ಗೆ ಅದು ನಿಲ್ಲದೆ ಗೋಡೆಗೆ ಹೋಗಿ ಗುದ್ದಿತು. ಯಾರಿಗೂ ಪೆಟ್ಟಾಗಲಿಲ್ಲ.

"ಕೀ ತಂದು ನನ್ನ ಕೈಗೆ ಕೊಟ್ಟುಬಿಟ್ರು," ಎಂದರು ಆಕೆ. "ನನ್ನ ಕಾಲು ಮುಗೀತು ಅಂದ್ರು. ಆಮೇಲೆ ಗೇಟು ದಾಟಿ ಹೋಗಿದ್ದೇ ಕಮ್ಮಿ. ಬೇಸಿಗೇಲಿ ತೀರ್ಕೊಂಡ್ರು. ಅವರ ಕಾಲಿಂದಲ್ಲ ಅಂತ ಅವರಿಗೆ ಗೊತ್ತಾಗ್ಲೇ ಇಲ್ಲ ಡಾಕ್ಟ್ರೇ."

ಬಸುರಿ ಎದ್ದು ಹೋಗಿ ಅವರ ಪಕ್ಕ ಕೂತಳು. ನಾನು ಹೇಳಿದೆ, ಇದನ್ನು ಹುಡುಕಿದವಳು ನನ್ನ ಮಗಳು ಎಂದು. ಹೆಮ್ಮೆಗೆ ಹೇಳಲಿಲ್ಲ. ಆಕೆ ನನ್ನ ಕೈ ಹಿಡಿದುಕೊಂಡರು. "ಹಾಗಾದ್ರೆ ಅವರು ಒತ್ತಿದ್ರು ಅಂತ ನಿಮ್ಮ ಮಗಳು ಹೇಳಬಲ್ಲಳಾ?" ಎಂದು ಕೇಳಿದರು.

ಎಲ್ಲರ ಕೊಳವೆಯೂ ಒಂದೇ ಇರಬಹುದು, ಆದರೆ ಆ ಒಂದು ಬೆಳಗಿನ ಬಗ್ಗೆ ಯಾರು ಹೇಳಬಲ್ಲರು. ಮಗಳನ್ನೇ ಕೇಳಿ ತಿಳಿಸುತ್ತೇನೆ ಎಂದೆ. ಬಂದ ಮೇಲೆ ನೀನೇ ಒಮ್ಮೆ ಆ ಕಾರು ನೋಡುವೆಯಾ? ಅವರ ವಿಳಾಸ ಇದರೊಂದಿಗೆ ಇದೆ.

ಕುರ್ಚಿ ಇಲ್ಲೇ ಇದೆ. ಪಕ್ಕದ ಬೀದಿಯ ಹುಡುಗಿಗೆ ಹೊಸದೇ ಇಷ್ಟವಂತೆ.

ನಿನ್ನ
ಅಪ್ಪ


ಏಪ್ರಿಲ್ ೪

ಮಾನ್ಯ ಅಮ್ಮನವರಿಗೆ,

ನಮಸ್ಕಾರ. ಕಂಪನಿಯ ಅಂಗಳದಲ್ಲಿ ನೀವು ಕೈ ಹಿಡಿದು ಮಾತಾಡಿಸಿದ ಹಲ್ಲಿನ ಡಾಕ್ಟರ ಮಗಳು ನಾನು. ಈ ಕಾಗದವನ್ನು ಕಂಪನಿಯ ಪರವಾಗಿ ಬರೆಯುತ್ತಿಲ್ಲ, ನಾನೇ ಬರೆಯುತ್ತಿದ್ದೇನೆ.

ನಿನ್ನೆ ಆ ಅಂಗಳದಲ್ಲೇ ನಿಮ್ಮ ಕಾರನ್ನು ನೋಡಿದೆ. ಗೋಡೆಗೆ ಗುದ್ದಿದ ಮೇಲೆ ಯಾರೂ ಅದನ್ನು ಮುಟ್ಟಿಲ್ಲ ಎಂದು ನಿಮ್ಮ ಮಗ ಹೇಳಿದರು. ಹಾಗೇ ಬಿಟ್ಟದ್ದು ಒಳ್ಳೆಯದಾಯಿತು. ಮುಂದಿನ ಬಂಪರು ತುಸು ತಗ್ಗಿದೆ, ಅಷ್ಟೆ. ಅಂದರೆ ಗೋಡೆ ಮುಟ್ಟುವ ಹೊತ್ತಿಗೆ ಕಾರು ಬಹಳಷ್ಟು ನಿಧಾನವಾಗಿತ್ತು. ಯಾರೋ ಅದನ್ನು ದಾರಿಯುದ್ದಕ್ಕೂ ತಡೆಯುತ್ತಾ ಬಂದಿದ್ದರು.

ಆಮೇಲೆ ಬಾಗಿಲು ತೆರೆದು, ನೆಲಕ್ಕೆ ತಲೆ ತಾಗಿಸಿ, ಟಾರ್ಚು ಹಿಡಿದು ಪೆಡಲ್ಲಿನ ಹಿಂದೆ ನೋಡಿದೆ. ಪೆಡಲ್ಲನ್ನು ಹಿಡಿದಿರುವುದು ಒಂದು ಉಕ್ಕಿನ ತೋಳು, ನನ್ನ ಎರಡು ಬೆರಳಷ್ಟು ದಪ್ಪ. ಆ ಮಂಜಿನ ಸರೋವರದ ಮೇಲೆ ನಾನು ನನ್ನ ಎರಡೂ ಕಾಲಿನ ಬಲ ಹಾಕಿ ಒತ್ತಿದ್ದೆ, ನನ್ನ ಕಾರಿನಲ್ಲಿ ಆ ತೋಳು ನೆಟ್ಟಗೇ ಉಳಿದಿತ್ತು. ನಿಮ್ಮ ಕಾರಿನಲ್ಲಿ ಅದು ಬಾಗಿದೆ. ಕಾಲು ತಪ್ಪಿದವರು, ಕಾಲು ಸೋತವರು ಒತ್ತಿದರೆ ಅದು ಬಾಗುವುದಿಲ್ಲ. ನಾನು ಕೈಯಿಟ್ಟು ಮತ್ತೆ ಮತ್ತೆ ಮುಟ್ಟಿ ನೋಡಿದೆ. ಇಷ್ಟು ವರ್ಷ ಬ್ರೇಕಿನ ಕೆಲಸ ಮಾಡಿದ್ದೇನೆ, ಮನುಷ್ಯರ ಕಾಲು ಹೀಗೆ ಮಾಡಬಲ್ಲದು ಎಂದು ನನಗೆ ಗೊತ್ತಿರಲಿಲ್ಲ.

ಹೊಸ ಪೆಡಲ್ ಹಾಕಿಸಿದ್ದೇನೆ. ಬಾಗಿದ ತೋಳನ್ನು ಎಸೆಯಲು ಬಿಡಲಿಲ್ಲ. ಅದು ಕಂಪನಿಯದಲ್ಲ, ನಿಮ್ಮದು. ಬಟ್ಟೆಯಲ್ಲಿ ಸುತ್ತಿ ಇದರೊಂದಿಗೆ ಕಳಿಸುತ್ತಿದ್ದೇನೆ. ಸ್ವಲ್ಪ ಭಾರವಿದೆ, ಎರಡೂ ಕೈಯಲ್ಲಿ ಹಿಡಿದುಕೊಳ್ಳಿ.

ಅವರು ಒತ್ತಿದ್ದರು ಅಮ್ಮ. ಕಾರು ನಿಲ್ಲುವವರೆಗೂ ಒತ್ತಿದ್ದರು.

ನಿಮ್ಮವಳು,
ಹಲ್ಲಿನ ಡಾಕ್ಟರ ಮಗಳು